ಹಾಳೆಯ ಹಿಂಬದಿ

ಜೂನ್ ೩

ಪೂಜ್ಯ ಮೇಷ್ಟ್ರಿಗೆ ನಿಮ್ಮ ಕಡ್ಡಿ ಮಾಡುವ ನಮಸ್ಕಾರಗಳು.

ಆಯ್ಕೆಯಾದೆ! ನಾನೂರ ಹನ್ನೆರಡು ಅರ್ಜಿಗಳಲ್ಲಿ ಏಳೇ ಏಳು, ಅದರಲ್ಲಿ ನನ್ನದೊಂದು. ಫೋನು ಮಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ಕೇಳಿಸಿದರೂ ‘ಬರೆದು ಕಳುಹಿಸು’ ಎನ್ನುತ್ತೀರಿ. ಆದ್ದರಿಂದ ಈ ಪತ್ರ.

ಸಿನಿಮಾ ಲೋಕದಲ್ಲಿ ಇದುವರೆಗೆ ಕಾಲೂರಲು ಜಾಗ ಸಿಗದ ಸಮುದಾಯಗಳ ನಿರ್ದೇಶಕರಿಗೆಂದೇ ಇರುವ ಯೋಜನೆ ಇದು. ಎರಡು ಕಂತುಗಳಲ್ಲಿ ಅನುದಾನ, ಆರು ತಿಂಗಳು ಒಬ್ಬ ಮಾರ್ಗದರ್ಶಕಿ, ಕೊನೆಗೆ ನಲವತ್ತು ನಿಮಿಷಗಳ ಚಿತ್ರ. ನಿಮ್ಮ ಶಿಫಾರಸು ಪತ್ರ ಓದಿದ ಸಮಿತಿಯ ಹಿರಿಯರೊಬ್ಬರು, “ಯಾರಮ್ಮ ಈ ಮೇಷ್ಟ್ರು? ಒಂದು ಅಕ್ಷರ ಅಲ್ಲಾಡಿಸೋ ಹಾಗಿಲ್ಲ!” ಎಂದರು. ಅದನ್ನಾದರೂ ಹೊಸ ಹಾಳೆಯಲ್ಲಿ ಬರೆದಿರಲ್ಲ, ಸದ್ಯ! ಹಾಸ್ಟೆಲಿಗೆ ಬರುತ್ತಿದ್ದ ನಿಮ್ಮ ಪತ್ರಗಳು ನೆನಪಾಗುತ್ತವೆ. ಹಳೆಯ ಪ್ರಶ್ನೆಪತ್ರಿಕೆ, ಹಾಜರಿಪಟ್ಟಿ, ಯಾರದೋ ಮದುವೆಯ ಕರೆಯೋಲೆ, ಯಾವುದರ ಹಿಂಬದಿ ಖಾಲಿ ಇದ್ದರೂ ಅಲ್ಲಿ ನಿಮ್ಮ ಮುತ್ತಿನಂಥ ಅಕ್ಷರ. ನನ್ನ ಕೋಣೆಯ ಹುಡುಗಿಯರು ಹಿಂಬದಿಯನ್ನೇ ಮೊದಲು ಓದುತ್ತಿದ್ದರು.

ಚಿತ್ರ ಅಪ್ಪನ ಬಗ್ಗೆ. ನನಗೆ ಆರು ವರ್ಷವಾಗಿದ್ದಾಗ ನಮ್ಮ ಶಾಲೆಯ ಕಕ್ಕಸುಗುಂಡಿಗೆ ಇಳಿದು ಸತ್ತ ಅಪ್ಪ. ಪುರಸಭೆಯ ಕಚೇರಿಯಿಂದ ಹಳೆಯ ವರದಿಯ ನಕಲು ತರಿಸಿಕೊಂಡಿದ್ದೇನೆ. ‘ರಜಾದಿನದಂದು, ಮದ್ಯಪಾನ ಮಾಡಿ, ಯಾರಿಗೂ ತಿಳಿಸದೆ ಗುಂಡಿಗೆ ಇಳಿದನು’ ಎಂದಿದೆ. ಮದ್ಯಪಾನ ಎಂಬ ಆ ಒಂದು ಮಾತಿಗೆ ನಮ್ಮ ಪರಿಹಾರದ ಅರ್ಜಿ ವಜಾ ಆಯಿತು, ಅಮ್ಮನ ಕೈಗೆ ಪೊರಕೆ ಬಂತು. ಅಪ್ಪ ಕುಡಿಯುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ, ಅದಕ್ಕಿಂತ ಹೆಚ್ಚು ಏನು ಕೇಳಿದರೂ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ.

ವರದಿಯ ಕೆಳಗೆ ‘ಮುಖ್ಯೋಪಾಧ್ಯಾಯರು’ ಎಂದಷ್ಟೇ ಇದೆ. ಸಹಿಯ ಮೇಲೆ ಸೀಲು ಬಿದ್ದು ಏನೂ ಕಾಣದು. ಸಭಾಂಗಣದ ಗೋಡೆಯ ಮೇಲೆ ಫೋಟೋ ಇದೆಯಲ್ಲ, ಆ ದೊಡ್ಡ ಮೇಷ್ಟ್ರೇ ತಾನೇ? ನೀವು ಆಗ ಅಲ್ಲಿಯೇ ಪಾಠ ಮಾಡುತ್ತಿದ್ದಿರಿ. ಅಂದು ಏನಾಯಿತೆಂದು ನಿಮಗೆ ಗೊತ್ತಿರುವಷ್ಟನ್ನು ಬರೆಯಿರಿ.

ನಿಮ್ಮ
ಕಡ್ಡಿ


ಜೂನ್ ೧೯

ಚಿರಂಜೀವಿ ಕಡ್ಡಿಗೆ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ಪರಮ ಸಂತೋಷವಾಯಿತು. ಮೊದಲ ದಿನ ತರಗತಿಯ ಬಾಗಿಲಿಗೆ ಒರಗಿ ನಿಂತಿದ್ದ, ಗಾಳಿ ಬಂದರೆ ಹಾರಿಹೋಗುವಂತಿದ್ದ ಹುಡುಗಿಗೆ ನಾನಿಟ್ಟ ಹೆಸರನ್ನು ನೀನು ಇನ್ನೂ ಸಹಿಯಾಗಿ ಬಳಸುತ್ತಿರುವುದು ನನ್ನ ಭಾಗ್ಯ. ಆದರೆ ‘ಆಯ್ಕೆಯಾದೆ’ ಎಂಬುದರ ಮುಂದೆ ಉದ್ಗಾರ ಚಿಹ್ನೆಯ ಅಗತ್ಯವಿರಲಿಲ್ಲ. ಯೋಗ್ಯತೆಯಿಂದ ಬಂದದ್ದಕ್ಕೆ ಬೆರಗೇಕೆ?

ಇನ್ನು ವಿಷಯದ ಬಗ್ಗೆ ಒಂದು ಮಾತು. ಸಾವಿನ ಸುತ್ತ ಚಿತ್ರ ಮಾಡುವುದು ಸುಲಭ, ಕಷ್ಟವಾದದ್ದು ಬದುಕಿನ ಚಿತ್ರ. ಪೊರಕೆ ಹಿಡಿದ ತಾಯಿಯ ಮಗಳು ಕ್ಯಾಮೆರಾ ಹಿಡಿದಳಲ್ಲ, ಅದೇ ಒಂದು ಕಥೆಯಲ್ಲವೇ? ಯೋಚಿಸು. ಅಂದಿನ ದೊಡ್ಡ ಮೇಷ್ಟ್ರು ತೀರಿಕೊಂಡು ಹನ್ನೊಂದು ವರ್ಷಗಳಾದವು. ಈಗ ಅವರನ್ನು ಯಾರೂ ಪ್ರಶ್ನಿಸಲಾಗದು. ನನ್ನ ನೆನಪೂ ಮೊದಲಿನಂತಿಲ್ಲ.

ಬರೆದದ್ದನ್ನು ಕಳುಹಿಸು, ತಿದ್ದಿಕೊಡುವೆ. ಮೊಣಕಾಲು ನೋವು ಇದ್ದದ್ದೇ. ವೇಳೆಗೆ ಸರಿಯಾಗಿ ಊಟ ಮಾಡು.

ಇತಿ ನಿನ್ನ
ಮೇಷ್ಟ್ರು


ಜುಲೈ ೧೪

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಯೋಚಿಸಿದೆ. ವಿಷಯ ಬದಲಿಸಲಾರೆ, ಕ್ಷಮಿಸಿ. ಕ್ಯಾಮೆರಾ ಹಿಡಿದ ಹುಡುಗಿಯ ಕಥೆ ಯಾರಿಗೆ ಬೇಕಾದರೂ ಇಷ್ಟವಾಗುತ್ತದೆ, ಅದಕ್ಕೇ ನನಗೆ ಅದು ಬೇಡ.

ಇಲ್ಲಿ ನಾವು ಏಳು ಮಂದಿ ಏಳು ಕುರ್ಚಿಗಳಲ್ಲಿ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಕೂರುತ್ತೇವೆ. ಒಬ್ಬೊಬ್ಬರಾಗಿ ಎದ್ದು ಐದು ನಿಮಿಷಗಳಲ್ಲಿ ನಮ್ಮ ಸಂಕಟವನ್ನು ಹೇಳಬೇಕು. ಉಪ್ಪಿನ ಕೆಲಸದವರ ಮಗನೊಬ್ಬನಿದ್ದಾನೆ, ನಾವು ಅವನನ್ನು ಉಪ್ಪು ಎಂದೇ ಕರೆಯುತ್ತೇವೆ. ನನ್ನ ಸರದಿ ಮುಗಿದ ಮೇಲೆ ಚಹಾ ಹಿಡಿದು ಬಂದು, “ನಿಂದೇನಕ್ಕಾ ಚಿಂತೆ, ನಿಮ್ಮಪ್ಪ ಸತ್ತಿದಾರೆ. ನಮ್ಮಪ್ಪ ಗುಂಡುಕಲ್ಲಿನ ಹಾಗೆ ಇದಾರೆ ಅಂತ ನನ್ನ ಅರ್ಜಿ ಕೊನೇ ತನಕ ತೂಗಾಡ್ತಿತ್ತು” ಎಂದ. ಎಲ್ಲರೂ ನಕ್ಕೆವು. ನಕ್ಕ ಮೇಲೆ ಯಾರಿಗೂ ಚಹಾ ರುಚಿಸಲಿಲ್ಲ.

ಮಾರ್ಗದರ್ಶಕಿ ಒಳ್ಳೆಯವರು, ಆದರೆ ಪಟ್ಟು ಬಿಡದವರು. “ಗುಂಡಿ ತೋರಿಸಿದ್ರೆ ಜನ ಮೂಗು ಮುಚ್ಕೋತಾರೆ ಅಷ್ಟೇ. ನಂಗೊಂದು ಮುಖ ಬೇಕು. ಆ ವರದಿ ಬರೆದವರ ಮುಖ” ಎನ್ನುತ್ತಾರೆ.

ಹೋದ ವಾರ ಶಾಲೆಗೆ ಹೋಗಿದ್ದೆ. ನೀವು ಕಣ್ಣಿನ ಆಸ್ಪತ್ರೆಗೆ ಹೋಗಿದ್ದಿರಂತೆ, ನಿಮ್ಮ ಮನೆಗೆ ಬೀಗ. ಗುಂಡಿಯ ಮೇಲೆ ಈಗ ಕಲ್ಲುಚಪ್ಪಡಿ, ಅದರ ಮೇಲೆ ಮಕ್ಕಳು ಸೈಕಲ್ ನಿಲ್ಲಿಸುತ್ತಾರೆ. ಗಂಟೆ ಬಾರಿಸುತ್ತಿದ್ದ ತಾತ ಇನ್ನೂ ಇದ್ದಾರೆ. ಕೇಳಿದ್ದಕ್ಕೆ, “ದೊಡ್ಡ ಮೇಷ್ಟ್ರು ಆಗ ರಜದ ಮೇಲಿದ್ರು ಕಣಮ್ಮ” ಎಂದರು. ಹಾಗಾದರೆ ಯಾರಿದ್ದರು ಎಂದೆ. “ನಿಮ್ಮ ಮೇಷ್ಟ್ರನ್ನೇ ಕೇಳಮ್ಮ” ಎಂದು ಬೀಡಿ ಹಚ್ಚಿಕೊಂಡುಬಿಟ್ಟರು. ಆದ್ದರಿಂದ ಕೇಳುತ್ತಿದ್ದೇನೆ.

ಚಿತ್ರದ ನಿರೂಪಣೆಯ ಮೂವತ್ತು ಪುಟಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಕನಿಕರ ತೋರದೆ ತಿದ್ದಿ.

ನಿಮ್ಮ
ಕಡ್ಡಿ


ಜುಲೈ ೩೦

ಚಿರಂಜೀವಿ ಕಡ್ಡಿಗೆ ಆಶೀರ್ವಾದಗಳು.

ಮೂವತ್ತು ಪುಟಗಳನ್ನೂ ಎರಡೆರಡು ಸಲ ಓದಿದೆ. ಅಂಚಿನಲ್ಲಿ ಜಾಗ ಸಾಲದೆ ನನ್ನ ಟಿಪ್ಪಣಿಗಳನ್ನು ಬೇರೆ ಹನ್ನೆರಡು ಹಾಳೆಗಳಲ್ಲಿ ಬರೆದು ಲಗತ್ತಿಸಿದ್ದೇನೆ. ಕಣ್ಣಿಗೆ ಪೊರೆ ಬಂದಿದೆಯಂತೆ. ಹತ್ತಿರ ಹಿಡಿದ ಅಕ್ಷರ ಕಾಣುತ್ತದೆ, ಮಾಸಿದ ಅಕ್ಷರ ಕಾಣದು. ಎಲ್ಲಿಯಾದರೂ ಸಾಲು ಓರೆಯಾಗಿದ್ದರೆ ಮನ್ನಿಸು.

ಬರವಣಿಗೆ ಬಿಗಿಯಾಗಿದೆ. ಒಂದೇ ದೊಡ್ಡ ಆಕ್ಷೇಪ: ಹದಿನೇಳನೆಯ ಪುಟದಲ್ಲಿ ‘ನನ್ನ ಅಪ್ಪನನ್ನು ಕೊಂದರು’ ಎಂದಿರುವೆ. ಕೊಂದವರು ಯಾರೆಂದು ಆಧಾರಸಹಿತ ತೋರಿಸಲಾಗದಿದ್ದಲ್ಲಿ ಆ ವಾಕ್ಯವನ್ನು ಬಿಟ್ಟುಬಿಡು. ಸಿಟ್ಟು ಆಧಾರವಲ್ಲ. ಗಂಟೆಯ ತಾತನಿಗೆ ಈಗ ಮರೆವು, ನಿನ್ನೆಯ ಊಟವೂ ನೆನಪಿರುವುದಿಲ್ಲ. ಅವನ ಮಾತಿನ ಮೇಲೆ ಏನನ್ನೂ ಕಟ್ಟಬೇಡ.

ಇತಿ ನಿನ್ನ
ಮೇಷ್ಟ್ರು


ಆಗಸ್ಟ್ ೨೮

ಚಿರಂಜೀವಿ ಕಡ್ಡಿಗೆ ಆಶೀರ್ವಾದಗಳು.

ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಟಿಪ್ಪಣಿಗಳು ತಲುಪಿದವೇ? ಬಹುಶಃ ನನ್ನ ತಿದ್ದುಪಡಿಗಳು ಕಟುವಾದವು. ಐದನೆಯ ತರಗತಿಯಲ್ಲಿ ನಿನ್ನ ಪ್ರಬಂಧಕ್ಕೆ ಹತ್ತಕ್ಕೆ ಆರು ಕೊಟ್ಟಾಗ ನೀನು ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದೆ. ನಾಲ್ಕನೆಯ ದಿನ ಅದನ್ನೇ ಮತ್ತೆ ಬರೆದು ತಂದು ಮೇಜಿನ ಮೇಲಿಟ್ಟು ಹೋದೆ. ಈಗಲೂ ಹಾಗೆಯೇ ಬರೆದು ತರುವೆ ಎಂದು ಕಾಯುತ್ತಿರುವೆ.

ಇತಿ ನಿನ್ನ
ಮೇಷ್ಟ್ರು


ಸೆಪ್ಟೆಂಬರ್ ೨೦

ಚಿರಂಜೀವಿ ಕಡ್ಡಿಗೆ ಆಶೀರ್ವಾದಗಳು.

ನಿನ್ನೆ ಔಷಧಿ ಅಂಗಡಿಯಲ್ಲಿ ನಿನ್ನ ತಾಯಿ ಕಂಡರು. ಎಂದಿನಂತೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯಲಿಲ್ಲ. ನೆಟ್ಟಗೆ ನನ್ನ ಮುಖ ನೋಡಿದರು. “ನನ್ನ ಕಾಗದ ಮಗಳಿಗೆ ಸೇರಿತೇನಮ್ಮ?” ಎಂದೆ. “ಸೇರಿದೆ ಮೇಷ್ಟ್ರೇ. ಹಿಂದೂ ಮುಂದೂ ಓದ್ತಿದಾಳೆ” ಎಂದು ಹೊರಟುಹೋದರು. ಅಷ್ಟು ಶ್ರದ್ಧೆಯಿಂದ ಓದುತ್ತಿರುವೆಯಾದರೆ ನನ್ನ ದೂರೇನೂ ಇಲ್ಲ. ಎರಡು ಸಾಲು ಬರೆದು ಹಾಕು, ಸಾಕು.

ಇತಿ ನಿನ್ನ
ಮೇಷ್ಟ್ರು


ಅಕ್ಟೋಬರ್ ೨

ಅಂದಿನ ಪ್ರಭಾರ ಮುಖ್ಯೋಪಾಧ್ಯಾಯರಿಗೆ,

ನಿಮ್ಮ ಟಿಪ್ಪಣಿಯ ಒಂಬತ್ತನೆಯ ಹಾಳೆಯ ಮುಂಬದಿಯಲ್ಲಿ ಹದಿನೇಳನೆಯ ಪುಟದ ಬಗ್ಗೆ ನಿಮ್ಮ ಆಕ್ಷೇಪವಿದೆ, ಆಧಾರವಿಲ್ಲದೆ ಯಾರನ್ನೂ ದೂರಬಾರದೆಂದು. ಅದೇ ಹಾಳೆಯ ಹಿಂಬದಿಯಲ್ಲಿ ಮಾಸಿದ ಶಾಯಿಯಲ್ಲಿ ನಿಮ್ಮದೇ ಅಕ್ಷರವಿದೆ. ಇಪ್ಪತ್ತೆರಡು ವರ್ಷಗಳ ಹಿಂದಿನದು, ಆ ವರದಿಯ ಕರಡು. ಕರಡನ್ನು ಹರಿಯಬಾರದು, ಖಾಲಿ ಬದಿಯನ್ನು ಹಾಳುಮಾಡಬಾರದು ಎಂದು ನಮಗೆ ಕಲಿಸಿದವರು ನೀವು. ತಪ್ಪನ್ನು ಗೀಚಿ ಅಳಿಸಬಾರದು, ಒಂದೇ ಗೆರೆ ಎಳೆಯಬೇಕು, ಏನು ತಪ್ಪಿತ್ತೆಂಬುದು ಕಾಣುತ್ತಿರಬೇಕು ಎಂದವರೂ ನೀವೇ. ಎಲ್ಲವೂ ಕಾಣುತ್ತಿದೆ.

ಗೆರೆಯ ಕೆಳಗಿರುವುದು ಇದು: ‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಸೂಚನೆಯಂತೆ ಕೆಲಸಗಾರನು ಬಂದನು. ಗುಂಡಿಯೊಳಕ್ಕೆ ಇಳಿಬಿಟ್ಟ ಲಾಟೀನು ಎರಡು ಬಾರಿ ಆರಿತೆಂದು ತಿಳಿಸಿ ಇಳಿಯಲು ಹಿಂಜರಿದನು. ಮರುದಿನ ತಪಾಸಣೆ ಇದ್ದ ಕಾರಣ ಇಳಿಯಲೇಬೇಕೆಂದು ನಾನು ತಿಳಿಸಿದೆನು.’

ಗೆರೆಯ ಮೇಲೆ, ಸಣ್ಣ ಅಕ್ಷರದಲ್ಲಿ: ‘ರಜಾದಿನದಂದು, ಮದ್ಯಪಾನ ಮಾಡಿ, ಯಾರಿಗೂ ತಿಳಿಸದೆ ಗುಂಡಿಗೆ ಇಳಿದನು.’

ಎರಡು ತಿಂಗಳು ಎಡಿಟಿಂಗ್ ಕೋಣೆಯಲ್ಲಿ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೇನೆ. ಕಳೆದ ತಿಂಗಳು ಅಮ್ಮನಿಗೆ ತೋರಿಸಿದೆ. ಅವಳಿಗೆ ಓದಲು ಬಾರದು, ಓದಿ ಹೇಳಿದೆ. ಅವಳು ಬೆಚ್ಚಲಿಲ್ಲ, ಮೇಷ್ಟ್ರೇ. “ಗೊತ್ತು” ಎಂದಳು. “ಮೂರನೇ ದಿನ ಬಂದು ಬಾಗಿಲಲ್ಲಿ ನಿಂತ್ರು. ತಲೆ ಎತ್ತಲಿಲ್ಲ. ನಾನು ಅಳಲೂ ಇಲ್ಲ, ಬೈಯಲೂ ಇಲ್ಲ. ಇವಳನ್ನ ಓದಿಸ್ತೀರಾ ಅಂತ ಒಂದೇ ಮಾತು ಕೇಳ್ದೆ. ಹೂಂ ಅಂದ್ರು. ಅವತ್ತು ನಾನು ಬಾಯಿ ಬಿಟ್ಟಿದ್ರೆ ಇವತ್ತು ನಿನ್ನ ಕೈಯಲ್ಲೂ ಪೊರಕೆ ಇರ್ತಿತ್ತು.” ಹೇಳಿ ಪಾತ್ರೆ ತೊಳೆಯಲು ಹೋದಳು.

ಹಾಸ್ಟೆಲಿನ ಪ್ರವೇಶ, ಪುಸ್ತಕಗಳು, ವಾರಕ್ಕೊಂದು ಪತ್ರ, ಕೊನೆಗೆ ಆ ಶಿಫಾರಸು. ಎಲ್ಲವನ್ನೂ ನನ್ನ ಬುದ್ಧಿಗೆ ಸಿಕ್ಕಿದ್ದೆಂದು ತಿಳಿದಿದ್ದೆ. ಈಗ ಒಂದು ಪ್ರಶ್ನೆ: ನನ್ನ ಪ್ರಬಂಧಗಳಿಗೆ ನೀವು ಕೊಟ್ಟ ಅಂಕಗಳು ನನ್ನವೋ, ಅಪ್ಪನವೋ?

ಮಾರ್ಗದರ್ಶಕಿ ಹಾಳೆ ನೋಡಿ, “ಇದೇ ಕಣೇ ನಿನ್ನ ಸಿನಿಮಾ!” ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದರು. ನವೆಂಬರ್ ಹದಿನೈದಕ್ಕೆ ಚಿತ್ರದ ಕರಡನ್ನು ಸಮಿತಿಗೆ ತೋರಿಸಬೇಕು. ನೀವು ಬಂದು ಕ್ಯಾಮೆರಾದ ಮುಂದೆ ಕುಳಿತು ಆ ಹಿಂಬದಿಯನ್ನು ಓದಬೇಕು. ಬರುವಿರೋ ಇಲ್ಲವೋ ತಿಳಿಸಿ.

ಗುಂಡಿಗೆ ಇಳಿದವನ ಮಗಳು


ಅಕ್ಟೋಬರ್ ೧೧

ಅಮ್ಮಾ,

ಏನೆಂದು ಸಂಬೋಧಿಸಲಿ ಎಂದು ತಿಳಿಯದೆ ನಾಲ್ಕು ದಿನ ಬರೆಯಲಿಲ್ಲ.

ಹಾಳೆಯನ್ನು ಬೇಕೆಂದು ಕಳುಹಿಸಿದೆನೆಂದು ಹೇಳಿ ದೊಡ್ಡವನಾಗಬಹುದಿತ್ತು. ಅದು ಸುಳ್ಳು. ಹಳೆಯ ಕಾಗದಗಳ ಕಟ್ಟಿನಿಂದ ಕೈಗೆ ಬಂದದ್ದನ್ನು ತೆಗೆದುಕೊಂಡೆ, ಕಣ್ಣಿಗೆ ಕಾಣಲಿಲ್ಲ, ಅಷ್ಟೆ.

ನಿನ್ನ ತಂದೆ ಗುಂಡಿಗೆ ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉಳಿದರೆ ಮನುಷ್ಯನೂ ಉಳಿಯುತ್ತಾನೆಂಬುದು ಅವರ ಲೆಕ್ಕ. ಅಂದು ಮೇಲೆ ಬಂದ ಲಾಟೀನನ್ನು ನನ್ನೆದುರು ಹಿಡಿದು, “ಎರಡು ಸಲ ಆರೋಯ್ತು ಮೇಷ್ಟ್ರೇ. ಮುಚ್ಚಳ ತೆಗೆದಿಡೋಣ, ಇವತ್ತೆಲ್ಲ ಗಾಳಿ ಆಡ್ಲಿ. ನಾಳೆ ಇಳೀತೀನಿ” ಎಂದರು. ದೊಡ್ಡ ಮೇಷ್ಟ್ರು ಮೂರು ವಾರ ರಜೆಯಲ್ಲಿದ್ದರು. ಮರುದಿನ ತಪಾಸಣಾಧಿಕಾರಿಗಳು ಬರುವವರಿದ್ದರು. ನನ್ನ ಪ್ರಭಾರದಲ್ಲಿ ಒಂದು ಕುಂದೂ ಕಾಣಬಾರದೆಂಬುದು ನನ್ನ ಹಟ. “ಎಣ್ಣೆ ಮುಗಿದಿರಬೇಕು, ನೆಪ ಹೇಳಬೇಡ, ಇಳಿ” ಎಂದೆ. ಅವರು ಲಾಟೀನನ್ನು ಅಲುಗಿಸಿದರು. ಎಣ್ಣೆಯ ಸದ್ದು ನನಗೂ ಕೇಳಿಸಿತು. ಆ ದಿನಗಳಲ್ಲಿ ನನ್ನ ಕಿವಿ ಚೆನ್ನಾಗಿತ್ತು.

ಮದ್ಯಪಾನ ಎಂಬ ಮಾತನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅದು ನನ್ನದೇ.

ಅಂಕಗಳ ವಿಚಾರ. ಅವು ನಿನ್ನವೇ. ಆದರೆ ನಾನು ಹೇಳಿದ್ದನ್ನು ನೀನು ನಂಬಬೇಕೆಂದು ಕೇಳಲು ನನ್ನಲ್ಲಿ ಏನು ಉಳಿದಿದೆ?

ಬರುತ್ತೇನೆ. ಒಂದೇ ವಿನಂತಿ. ಆ ಕರಡು ಅವಸರದಲ್ಲಿ ಬರೆದದ್ದು, ವಾಕ್ಯಗಳು ಸರಿಯಾಗಿ ಕೂಡಿಲ್ಲ. ಓದುವ ಮೊದಲು ಶುದ್ಧಪ್ರತಿ ಮಾಡಿಕೊಳ್ಳಲು ಅವಕಾಶ ಕೊಡು.

ಮೇಷ್ಟ್ರು


ಅಕ್ಟೋಬರ್ ೧೭

ಶುದ್ಧಪ್ರತಿ ಬೇಡ. ಇದ್ದದ್ದನ್ನು ಇದ್ದ ಹಾಗೆಯೇ ಓದಬೇಕು. ಟಿಕೆಟ್ಟು ಇದರೊಂದಿಗಿದೆ; ನಿಲ್ದಾಣಕ್ಕೆ ಉಪ್ಪು ಬರುತ್ತಾನೆ. ಮಾಸಿದ ಅಕ್ಷರ ಕಾಣುವಂತೆ ಹಾಳೆಯ ನಕಲನ್ನು ದೊಡ್ಡದು ಮಾಡಿಸಿಟ್ಟಿದ್ದೇನೆ, ಕನ್ನಡಕ ಮರೆಯಬೇಡಿ.


ನವೆಂಬರ್ ೨೧

ಮೇಷ್ಟ್ರಿಗೆ,

ನೀವು ಬಂದಿರಿ, ಓದಿದಿರಿ. ಮೂರನೆಯ ಸಾಲಿನಲ್ಲಿ ಧ್ವನಿ ಒಡೆಯಿತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿರಿ. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ನಟಿಸಿದಿರೆಂದು ಹೇಳುತ್ತಿಲ್ಲ.

ಹದಿನೈದರಂದು ಸಮಿತಿಗೆ ಚಿತ್ರ ತೋರಿಸಿದೆ. ದೀಪ ಹತ್ತಿದಾಗ ಅರ್ಧ ಸಭೆ ಅಳುತ್ತಿತ್ತು. ನಿಮ್ಮ ಶಿಫಾರಸು ಪತ್ರವನ್ನು ಮೆಚ್ಚಿದ್ದ ಅದೇ ಹಿರಿಯರು ನನ್ನ ಕೈ ಹಿಡಿದುಕೊಂಡು, “ಪಾಪ, ಆ ಮೇಷ್ಟ್ರು ಇಷ್ಟು ವರ್ಷ ಇದನ್ನ ಹೇಗೆ ಹೊತ್ಕೊಂಡಿದ್ರೋ!” ಎಂದರು. ಇನ್ನೊಬ್ಬರು ಕೊನೆಯಲ್ಲಿ ನಾನು ನಿಮ್ಮ ಕಾಲು ಮುಟ್ಟುವ ಒಂದು ದೃಶ್ಯ ಸೇರಿಸಬಹುದೇ ಎಂದು ಕೇಳಿದರು. ಲಾಟೀನಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಅಮ್ಮ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಹೊರಗೆ ಬಂದ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಇದ್ರಲ್ಲಿ ನಿಮ್ಮಪ್ಪ ಎಲ್ಲಿ?” ಎಂದಳು.

ಮರುದಿನ ಎಡಿಟಿಂಗ್ ಕೋಣೆಗೆ ಹೋಗಿ ನಿಮ್ಮ ಇಪ್ಪತ್ತೊಂಬತ್ತು ನಿಮಿಷಗಳನ್ನು ತೆಗೆದುಹಾಕಿದೆ. ಮಾರ್ಗದರ್ಶಕಿ, “ನಿಂಗೆ ತಲೆ ಕೆಟ್ಟಿದೆಯಾ? ಚಿನ್ನ ಎತ್ತಿ ಎಸೀತಿದೀಯ. ಅವರಿಲ್ದೆ ಅಲ್ಲೇನಿದೆ, ಒಂದು ಕಲ್ಲುಚಪ್ಪಡಿ?” ಎಂದರು. ಅವರಿಗೆ ನನ್ನ ಮೇಲೆ ನಿಜವಾಗಿ ಅಕ್ಕರೆಯಿದೆ, ಆಮೇಲೆ ಒಬ್ಬರೇ ಕುಳಿತು ಅತ್ತರಂತೆ. ಸಮಿತಿ ಒಪ್ಪಿದ ರೂಪದಲ್ಲಿಯೇ ಚಿತ್ರ ಮುಗಿಸದಿದ್ದರೆ ಎರಡನೆಯ ಕಂತು ಇಲ್ಲವೆಂದು ಪತ್ರ ಬಂತು. ಕೊರಳ ಚೀಟಿಯನ್ನು ಮೇಜಿನ ಮೇಲಿಟ್ಟು ಬಂದೆ. ಉಪ್ಪು ಬಾಗಿಲವರೆಗೆ ಬಂದ. ಈ ಸಲ ತಮಾಷೆ ಮಾಡಲಿಲ್ಲ.

ಚಿತ್ರ ಈಗ ಹನ್ನೊಂದು ನಿಮಿಷ. ಚಪ್ಪಡಿ, ಸೈಕಲ್ಲುಗಳು, ಅಮ್ಮ ಅಟ್ಟದಲ್ಲಿ ಇಟ್ಟುಕೊಂಡಿದ್ದ ಅಪ್ಪನ ಲಾಟೀನು, ಆಮೇಲೆ ಹಾಳೆಯ ಎರಡೂ ಬದಿ. ಯಾರೂ ಅಳುವಂಥದ್ದು ಅದರಲ್ಲಿ ಇಲ್ಲ. ಯಾರು ತೋರಿಸುತ್ತಾರೋ ಗೊತ್ತಿಲ್ಲ. ನಾನು ಮದುವೆಗಳ ವಿಡಿಯೋ ತೆಗೆಯುವ ಹಳೆಯ ಕೆಲಸಕ್ಕೆ ಮರಳಿದ್ದೇನೆ.

ಕಡ್ಡಿ ಎಂದು ಸಹಿ ಮಾಡಲು ಕೈ ಹೋಯಿತು. ಮಾಡಲಿಲ್ಲ.


ಡಿಸೆಂಬರ್ ೯

ಅಮ್ಮಾ,

ಚಿತ್ರದಿಂದ ನನ್ನನ್ನು ತೆಗೆದದ್ದು ಸರಿ. ಓದಿದಾಗ ಮಾತ್ರ ಮನಸ್ಸಿಗೆ ನೋವಾಯಿತು. ಏಕೆಂದು ವಿಚಾರಿಸಿಕೊಂಡೆ. ಅತ್ತು ಹಗುರಾದ ನನ್ನ ಮುಖವನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಒಳಗೆಲ್ಲೋ ಇತ್ತು. ತಿಳಿದು ನಾಚಿದೆ.

ಪುರಸಭೆಗೆ ಹೋಗಿದ್ದೆ, ವರದಿಯನ್ನು ತಿದ್ದಿಸಲು. ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ಕೊಟ್ಟ. ವಿಷಯ ಹೇಳಿದ ಮೇಲೆ ಕುಳಿತುಕೊಂಡ. “ಬರೆದೋರೇ ಬಂದು ತಿದ್ದೋ ಹಾಗಿಲ್ಲ ಮೇಷ್ಟ್ರೇ. ಸತ್ತೋರ ಮನೆಯವರು ಅರ್ಜಿ ಕೊಡ್ಬೇಕು. ನೀವು ಸಾಕ್ಷಿಯಾಗಿ ಖುದ್ದು ತಂದು ಸಲ್ಲಿಸ್ಬಹುದು. ಹಾಂ, ಇಲ್ಲಿ ಎಲ್ಲರೂ ನೋಡ್ತಾರೆ, ಯೋಚ್ನೆ ಮಾಡಿ” ಎಂದ. ಯೋಚಿಸುವುದೇನೂ ಇಲ್ಲವೆಂದು ನಮೂನೆ ತಂದೆ.

ನಮೂನೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ‘ಸಾವಿನ ಕಾರಣ’ ಎಂಬಲ್ಲಿ ನಿಮಗೆ ಅನುಕೂಲವಾಗಲೆಂದು ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದಿರುವೆ: ‘ಸೂಕ್ತ ಮುಂಜಾಗ್ರತೆಯ ಕೊರತೆಯಿಂದ ಸಂಭವಿಸಿದ’ ಎಂದು ಮೊದಲಾಗುತ್ತದೆ. ನಿನ್ನ ತಾಯಿಯ ಹೆಬ್ಬೆಟ್ಟಿನ ಗುರುತು ಸಾಕು. ಬೇಡವೆಂದರೆ ಅದೂ ಸರಿ.

ನೀನು ಹಿಂಬದಿಯನ್ನು ಮೊದಲು ನೋಡುವೆ ಎಂದು ಬಲ್ಲೆ. ಇದು ಅಂಗಡಿಯಿಂದ ತಂದ ಹೊಸ ಹಾಳೆ. ಹಿಂದೆ ಏನೂ ಇಲ್ಲ.

ಮೇಷ್ಟ್ರು


ಡಿಸೆಂಬರ್ ೧೮

ನಿಮ್ಮ ಹಾಳೆಯ ಹಿಂಬದಿ ಖಾಲಿ ಇತ್ತು. ಅದರ ಮೇಲೆಯೇ ಬರೆಯುತ್ತಿದ್ದೇನೆ. ಈ ಪತ್ರ ನಮ್ಮ ಮನೆಯಲ್ಲಿ ಉಳಿಯುವುದು ಬೇಡವೆಂದು ಅಮ್ಮ ಹೇಳಿದಳು.

ನಮೂನೆಯನ್ನು ಮರಳಿಸುತ್ತಿದ್ದೇನೆ. ನಿಮ್ಮ ಪೆನ್ಸಿಲಿನ ನಾಲ್ಕು ಸಾಲುಗಳನ್ನು ಓದಿ ಹೇಳಿದಾಗ ಅಮ್ಮ, “ಇದ್ಯಾರು ಸತ್ತಿದ್ದು?” ಎಂದಳು. ರಬ್ಬರು ತೆಗೆದುಕೊಂಡು ತಾನೇ ಅಳಿಸಿದಳು, ನಿಧಾನವಾಗಿ, ಹಾಳೆ ಹರಿಯದಂತೆ. ಆಮೇಲೆ ಅವಳು ಹೇಳಿದ್ದನ್ನು ನಾನು ಶಾಯಿಯಲ್ಲಿ ಬರೆದೆ. ಕಾಲಂ ದೊಡ್ಡದಿತ್ತು, ಒಂದೇ ಸಾಲು ಸಾಕಾಯಿತು:

‘ದೀಪ ಎರಡು ಸಲ ಆರಿತ್ತು. ಆದ್ರೂ ಮೇಷ್ಟ್ರು ಇಳಿಸಿದ್ರು.’

ಸೋಮವಾರ ಹನ್ನೊಂದಕ್ಕೆ ಕಿಟಕಿ ತೆರೆಯುತ್ತದೆಯಂತೆ. ಸಾಲಿನಲ್ಲಿ ನಿಂತು ಕೊಡಿ. ಗುಮಾಸ್ತ ಅರ್ಜಿಯನ್ನು ತಂದವರಿಂದಲೇ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿಸುತ್ತಾನೆ, ಅದು ಅಲ್ಲಿಯ ಪದ್ಧತಿ.

ಮಾತು ಅಮ್ಮನದು. ತಿದ್ದಬೇಡಿ.